ನಾಲ್ಕೂವರೆ ಗಂಟೆಯ ಸಿಂಗಪುರ

ಬೆಂಗಳೂರಿನಿಂದ ಸಿಂಗಪುರಕ್ಕೆ ಆಕಾಶದ ದಾರಿ ಸುಮಾರು 3,200 ಕಿ.ಮೀ.; ಟಿಕೆಟ್ಟಿನ ಲೆಕ್ಕದಲ್ಲಿ ನಾಲ್ಕೂವರೆ ಗಂಟೆ. ಗಂಟೆಗೆ 850ರಿಂದ 900 ಕಿ.ಮೀ. ಓಡುವ ಜೆಟ್ ವಿಮಾನಕ್ಕೆ ಇಷ್ಟು ದೂರ ನಾಲ್ಕು ಗಂಟೆಯೊಳಗಿನ ಮಾತು. ಮಿಕ್ಕದ್ದು ನೆಲದ ಮೇಲಿನ ಉರುಳಾಟಕ್ಕೆ, ಏರುವ ಇಳಿಯುವ ನಿಧಾನಕ್ಕೆ ಹೋಗುತ್ತದೆ.

ಟಿಕೆಟ್ಟಿನಲ್ಲಿಲ್ಲದ ಹೊತ್ತೇ ಹೆಚ್ಚು. ಊರೊಳಗಿನ ಎಚ್‌ಎಎಲ್ ನಿಲ್ದಾಣದಿಂದ ಹಾರುತ್ತಿದ್ದ ವಿಮಾನಗಳು 2008ರಲ್ಲಿ ದೇವನಹಳ್ಳಿಗೆ ಹೋದವು. ರಾತ್ರಿ 11ರ ವಿಮಾನಕ್ಕೆ ಜಯನಗರದವರು ಸಂಜೆ ಆರೂವರೆಗೇ ಮನೆ ಬಿಡಬೇಕು. ಹೆಬ್ಬಾಳ ದಾಟುವುದೇ ಒಂದು ಯಾತ್ರೆ. ನಿಲ್ದಾಣದೊಳಗೆ ಎರಡು ಇಡ್ಲಿ, ಒಂದು ಕಾಫಿಗೆ ತೆರುವ ದುಡ್ಡಿನಲ್ಲಿ ಗಾಂಧಿ ಬಜಾರಿನಲ್ಲಿ ನಾಲ್ಕು ಜನ ಹೊಟ್ಟೆ ತುಂಬ ತಿಂಡಿ ತಿಂದು ಏಳಬಹುದು. ಕಾಫಿಯಾದರೂ ಬಿಸಿಯಿರುತ್ತದೆಯೇ ಎಂದರೆ ಅದೂ ಇಲ್ಲ.

ವಿಮಾನ ತಮಿಳುನಾಡಿನ ಮೇಲೆ ಹಾದು, ಬಂಗಾಳ ಕೊಲ್ಲಿ ದಾಟಿ, ಸುಮಾತ್ರಾದ ಉತ್ತರ ತುದಿಯ ಹತ್ತಿರದಿಂದ ಮಲಕ್ಕಾ ಜಲಸಂಧಿಗೆ ಬರುತ್ತದೆ. ರಾತ್ರಿ ಇದರಲ್ಲಿ ಒಂದೂ ಕಾಣದು. ಕಾಣುವುದು ಪಕ್ಕದ ಸೀಟು. ಅಂಥದೊಂದು ರಾತ್ರಿ ಅಲ್ಲಿದ್ದವರು ಹಾಸನದ ಕಡೆಯ ಯಜಮಾನರೊಬ್ಬರು, ಮಗನ ಮನೆಗೆ ಹೊರಟವರು. ವಿಮಾನದ ಊಟದ ತಟ್ಟೆಯನ್ನು ಹಾಗೇ ಪಕ್ಕಕ್ಕಿಟ್ಟು, ಬಾಳೆಲೆಯಲ್ಲಿ ಸುತ್ತಿದ್ದ ಚಪಾತಿ ಬಿಚ್ಚಿ ಚಟ್ನಿಪುಡಿ ಸವರಿಕೊಂಡರು. ಕೈಯಲ್ಲಿ ಗಾಜು ಗೀಚಿಹೋದ ಹಳೆಯ ಎಚ್‌ಎಂಟಿ. ಸಿಂಗಪುರ ಎರಡೂವರೆ ಗಂಟೆ ಮುಂದಿದೆ, ವಾಚ್ ತಿರುಗಿಸಿಕೊಳ್ಳಿ ಎಂದು ಆಚೆ ಸೀಟಿನ ಹುಡುಗ ಹೇಳಿದ. "ಬ್ಯಾಡ ಕಣಪ್ಪ, ಮನೇಲಿ ಅವಳು ಮಾತ್ರೆ ತಗೊಳ್ಳೋ ಹೊತ್ತು ನಂಗೆ ಗೊತ್ತಾಗ್ಬೇಕಲ್ಲ" ಎಂದು ಮುಳ್ಳಿಗೆ ಕೈ ಹಚ್ಚಲೇ ಇಲ್ಲ.

ಅವರ ಹಟ ತೀರ ತಪ್ಪೇನಲ್ಲ. ಸಿಂಗಪುರದ ಗಡಿಯಾರವೂ ಸೂರ್ಯನ ಮಾತು ಕೇಳುವುದಿಲ್ಲ. ಸುಮಾರು 104 ಡಿಗ್ರಿ ಪೂರ್ವ ರೇಖಾಂಶದ ಊರಿಗೆ ಗ್ರೀನ್‌ವಿಚ್‌ಗಿಂತ ಏಳು ಗಂಟೆ ಮುಂದಿದ್ದರೆ ಸಾಕಿತ್ತು. 1982ರ ಆರಂಭದಲ್ಲಿ ಮಲೇಷ್ಯಾ ತನ್ನ ಪೂರ್ವ, ಪಶ್ಚಿಮ ಭಾಗಗಳ ಸಮಯವನ್ನು ಒಂದು ಮಾಡಲು ಪಶ್ಚಿಮದ ಗಡಿಯಾರವನ್ನು ಅರ್ಧ ಗಂಟೆ ಮುಂದೂಡಿತು. ವ್ಯಾಪಾರ, ಓಡಾಟ ಎಲ್ಲ ಒಟ್ಟಿಗೇ ಇದ್ದ ಸಿಂಗಪುರ ಜೊತೆಗೆ ಹೆಜ್ಜೆ ಹಾಕಿತು. ಅಂದಿನಿಂದ ಗ್ರೀನ್‌ವಿಚ್‌ಗೂ ಅಲ್ಲಿಗೂ ಎಂಟು ಗಂಟೆಯ ಅಂತರ. ಬೆಳಿಗ್ಗೆ ಆರಕ್ಕೆ ಚಾಂಗಿ ನಿಲ್ದಾಣದಲ್ಲಿ ಇಳಿದವರಿಗೆ ಹೊರಗೆ ಕಾಣುವುದು ಕತ್ತಲೆ. ಸೂರ್ಯ ಹುಟ್ಟುವುದು ಏಳರ ಸುಮಾರಿಗೆ. ಯಜಮಾನರ ವಾಚಿನಲ್ಲಿ ಆಗ ಮೂರೂವರೆ. ಆ ಕತ್ತಲೆಗೆ ಅದೇ ಸರಿಯಾಗಿ ಹೊಂದುತ್ತಿತ್ತು.

ಪಾಸ್‌ಪೋರ್ಟ್ ಸಾಲು, ಪೆಟ್ಟಿಗೆಯ ಕಾಯುವಿಕೆ, ಊರೊಳಗಿನ ರೈಲು ಸೇರಿಸಿದರೆ ಮನೆಯಿಂದ ಮನೆಗೆ ಹನ್ನೊಂದು ಗಂಟೆ. ಮರಳುವ ದಾರಿಯಲ್ಲಿ ಗಡಿಯಾರ ಸಾಲ ತೀರಿಸುತ್ತದೆ: ರಾತ್ರಿ ಎಂಟಕ್ಕೆ ಅಲ್ಲಿ ಹತ್ತಿದವರು ಹತ್ತಕ್ಕೆಲ್ಲ ದೇವನಹಳ್ಳಿಯಲ್ಲಿ ಇಳಿದಿರುತ್ತಾರೆ.