ಅಪ್ಪನ ಲೆಕ್ಕದ ವಹಿ ಮತ್ತು ನನ್ನ ಪುಟ್ಟ ವೆಬ್‌ಸೈಟು

ಶನಿವಾರ ಸಂಜೆ ರೂಮ್‌ಮೇಟ್‌ಗಳೆಲ್ಲ ಸಿನಿಮಾಕ್ಕೆ ಹೊರಟರೆ ನಾನು ಲ್ಯಾಪ್‌ಟಾಪ್ ತೆಗೆದು ಕೂರ್ತೀನಿ. "ವಾರವಿಡೀ ಆಫೀಸಲ್ಲಿ ಅದನ್ನೇ ನೋಡ್ತೀಯ, ಇನ್ನೂ ಸಾಲದಾ?" ಅಂತ ಅವರ ಪ್ರಶ್ನೆ. ಆಫೀಸಿನ ಕೆಲಸ ಬೇರೆ, ಇದು ಬೇರೆ ಅಂತ ಎಷ್ಟು ಸಲ ಹೇಳಿದ್ರೂ ಅವರಿಗೆ ನಗು. ನನ್ನದೇ ಒಂದು ಪುಟ್ಟ ವೆಬ್‌ಸೈಟ್ ಇದೆ. ಅದರಲ್ಲಿ ಜಾಹೀರಾತಿಲ್ಲ, ಲೈಕ್ ಒತ್ತೋ ಗುಂಡಿ ಇಲ್ಲ, ಅದರಿಂದ ಒಂದು ರೂಪಾಯಿ ಆದಾಯವೂ ಇಲ್ಲ. ವರ್ಷಕ್ಕೊಮ್ಮೆ ವಿಳಾಸದ ಬಾಡಿಗೆ ಅಂತ ನನ್ನ ಕೈಯಿಂದಲೇ ಒಂದಿಷ್ಟು ಹೋಗುತ್ತೆ, ಅಷ್ಟೇ. ಎಷ್ಟು ಜನ ಬಂದು ನೋಡ್ತಾರೆ ಅಂತ ಲೆಕ್ಕ ಇಡೋ ಕೌಂಟರ್ ಒಂದಿತ್ತು. ಹವ್ಯಾಸಕ್ಕೆ ಅದೆಲ್ಲ ಯಾಕೆ ಅಂತ ಅದನ್ನೂ ಕಿತ್ತು ಹಾಕಿದ್ದೆ. ಹಾಗಾಗಿ ದಿನಾ ರಾತ್ರಿ ತಪ್ಪದೇ ಬರ್ತಿದ್ದ ಒಬ್ಬರ ಬಗ್ಗೆ ನನಗೆ ಗೊತ್ತೇ ಆಗಲಿಲ್ಲ.

ನನ್ನೂರು ಕಾಗಿನೆಲೆ. ಹಾವೇರಿ ಜಿಲ್ಲೆ, ಬ್ಯಾಡಗಿ ತಾಲ್ಲೂಕು. ಬೆಂಗಳೂರಲ್ಲಿ ಯಾರಾದ್ರೂ "ಯಾವೂರು?" ಅಂದಾಗ ಹೆಸರು ಹೇಳಿದ್ರೆ ಸಾಕು, "ಓ, ಕನಕದಾಸರ ಊರು" ಅನ್ನೋ ಮಾತು ತಾನಾಗೇ ಬರುತ್ತೆ. ದಾಸರು ಹುಟ್ಟಿದ್ದು ಬಾಡದಲ್ಲಿ, ಆಮೇಲೆ ನೆಲೆಯಾಗಿದ್ದು ನಮ್ಮೂರಲ್ಲಿ. ತಮ್ಮ ಹಾಡುಗಳಿಗೆ ಕಾಗಿನೆಲೆಯ ಆದಿಕೇಶವನನ್ನೇ ಅಂಕಿತ ಮಾಡಿಕೊಂಡರು. ಇವತ್ತಿಗೂ ಯಾರು, ಎಲ್ಲಿ ಕೂತು ಹಾಡಿದ್ರೂ ಆ ಹಾಡು ಎಲ್ಲಿಯದು ಅನ್ನೋ ವಿಳಾಸ ಅದರೊಳಗೇ ಇರುತ್ತೆ. 2017ರಲ್ಲಿ ಮೊದಲ ಸಂಬಳ ಬಂದಾಗ ಡೊಮೇನ್ ಹೆಸರು ಕೊಳ್ಳೋಕೆ ಕೂತೆನಲ್ಲ, ಆಗ ಇದು ನೆನಪಾಗಿ ನನ್ನ ಹೆಸರಿನ ಜೊತೆ ಊರಿನ ಹೆಸರನ್ನೂ ಸೇರಿಸಿಬಿಟ್ಟೆ.

ಶುರುವಿನಲ್ಲಿ ಸೈಟ್‌ನಲ್ಲಿ ಇದ್ದಿದ್ದು ನಾಲ್ಕೇ ಪುಟ. ಓದಿದ ಪುಸ್ತಕಗಳು, ಊರಿನ ಕೆರೆಯ ಫೋಟೋಗಳು, ಅವ್ವನ ಮಸಾಲಿ ಖಾರ ಮಾಡೋ ವಿಧಾನ, ಮತ್ತೆ ಕಾಲೇಜಿನಲ್ಲಿ ಬರೆದ ಒಂದು ಲೇಖನ. ಆ ಲೇಖನ ನುಡಿಯಲ್ಲಿ ಟೈಪ್ ಮಾಡಿದ್ದು. ತಂದು ಅಂಟಿಸಿದ್ರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ! ಯೂನಿಕೋಡ್‌ಗೆ ಬದಲಿಸಿದ ಮೇಲೇ ಅದು ಕನ್ನಡವಾಗಿದ್ದು.

ಆಗ ಹಿಂದಿನವರ ಕಷ್ಟ ಅರ್ಥ ಆಯ್ತು. ಡಾ. ಯು.ಬಿ. ಪವನಜ ಅವರು 'ವಿಶ್ವಕನ್ನಡ' ಜಾಲತಾಣ ಶುರು ಮಾಡಿದ್ದು 1996ರಲ್ಲಿ. ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶ ಬಂದಿದ್ದು 1998ರಲ್ಲಿ. ಆ ಕಾಲದಲ್ಲಿ ಕನ್ನಡದ ಪುಟ ಓದಬೇಕಂದ್ರೆ ಬರೆದವರ ಫಾಂಟೇ ಓದೋರ ಕಂಪ್ಯೂಟರ್‌ನಲ್ಲೂ ಇರಬೇಕಿತ್ತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಜೊತೆ ಯೂನಿಕೋಡ್‌ನ ತುಂಗಾ ಫಾಂಟ್ ಸಿಕ್ಕ ಮೇಲೆ ಆ ತೊಂದರೆ ಮೆಲ್ಲಗೆ ಕಮ್ಮಿಯಾಯ್ತು. ಈಗ ನಾವು ಫೋನ್‌ನಲ್ಲಿ ಯೋಚನೆ ಇಲ್ಲದೇ ಓದ್ತೀವಲ್ಲ, ಅದರ ಹಿಂದೆ ಇಷ್ಟೆಲ್ಲ ಇದೆ.

ವೆಬ್‌ಸೈಟ್ ಇಟ್ಟುಕೊಂಡವರಿಗೆ ಒಂದು ಚಟ ಇರುತ್ತೆ. ಬರೆಯೋದಕ್ಕಿಂತ ಬಣ್ಣ ಬದಲಿಸೋದೇ ಹೆಚ್ಚು! ನಮ್ಮ ಕಡೆ ದೀಪಾವಳಿಗೆ ಮುಂಚೆ ಮನೆಗೆ ಸುಣ್ಣ ಹಚ್ತಾರೆ. ಒಳಗಿನ ಸಾಮಾನೆಲ್ಲ ಕಟ್ಟೆ ಮೇಲೆ ಬರುತ್ತೆ. ಸುಣ್ಣ ಒಣಗಿದ ಮೇಲೆ ವಾಪಸ್ ಒಳಗೆ ಹೋಗೋವಾಗ ಕೆಲವು ಸಾಮಾನಿಗೆ ಜಾಗ ಸಿಗಲ್ಲ. "ಆಮೇಲೆ ನೋಡಿದ್ರಾಯ್ತು" ಅಂತ ಅಟ್ಟ ಸೇರುತ್ತೆ, ಇಲ್ಲಾ ಗುಜರಿಯವನ ಪಾಲಾಗುತ್ತೆ. ನನ್ನ ಸೈಟ್‌ನಲ್ಲೂ ಹಾಗೇ ಆಯ್ತು.

ಅದಕ್ಕೆ ಮುಂಚೆ 2020ರ ಲಾಕ್‌ಡೌನ್ ವಿಷಯ ಹೇಳಬೇಕು. ಮಾರ್ಚ್‌ನಲ್ಲಿ ಊರಿಗೆ ಬಂದವಳು ತಿಂಗಳುಗಟ್ಟಲೆ ಅಲ್ಲೇ ಉಳಿದೆ. ನೆಟ್‌ವರ್ಕ್ ಮಾಳಿಗೆ ಮೇಲೆ ಮಾತ್ರ ಸಿಗ್ತಿತ್ತು. ಆಫೀಸ್ ಕೆಲಸ ಮುಗಿದ ಮೇಲೆ ಹೊತ್ತು ಹೋಗ್ತಿರಲಿಲ್ಲ. ಒಂದಿನ ಅಪ್ಪನ ಟ್ರಂಕ್ ತೆಗೆದು ನೋಡಿದ್ರೆ ಐದು ಲೆಕ್ಕದ ವಹಿ. ಹಾವೇರಿ ಜಿಲ್ಲೆ ಆದ 1997ರಿಂದ 2019ರ ತನಕ ವರ್ಷವಾರು ಬರೆದಿಟ್ಟಿದ್ದಾನೆ. ಯಾವ ಮಳೆ ಎಂದು ಬಿತ್ತು, ಮೆಣಸಿನ ಸಸಿ ಯಾವಾಗ ನಾಟಿದ್ದು, ಆಳಿನ ಕೂಲಿ ಎಷ್ಟು, ಬ್ಯಾಡಗಿ ಪ್ಯಾಟಿಗೆ ಎಷ್ಟು ಚೀಲ ಹೋಯ್ತು, ಡಬ್ಬಿ ಕಾಯಿಗೆಷ್ಟು, ಕಡ್ಡಿ ಕಾಯಿಗೆಷ್ಟು. ನಡುನಡುವೆ ಲೆಕ್ಕಕ್ಕೆ ಸಂಬಂಧ ಇಲ್ಲದ ಒಂದೊಂದು ಸಾಲು. "ಮಳಿ ಚಲೋ ಆತು. ಮಗಳಿಗೆ ಜ್ವರ." "ಎತ್ತು ಮಾರಿದೆ. ರಾತ್ರಿ ನಿದ್ದಿ ಹತ್ತಲಿಲ್ಲ." ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತು ಸಿಕ್ಕ 2011ರಲ್ಲಿ ಹೀಗಿತ್ತು: "ನಮ್ಮ ಕಾಯಿಗೆ ಸರ್ಕಾರದ ಗುರುತು ಸಿಕ್ತಂತ. ದಲ್ಲಾಳಿ ಅಂಗಡ್ಯಾಗ ಯಾರಿಗೂ ಗೊತ್ತಿಲ್ಲ."

ಅಷ್ಟನ್ನೂ ಟೈಪ್ ಮಾಡಿದೆ. ಏಳನೇತ್ತ ಓದಿದ ಅಪ್ಪ ಹೇಗೆ ಬರೆದಿದ್ನೋ ಹಾಗೇ ಹಾಕಿದೆ, ಒಂದಕ್ಷರ ತಿದ್ದಲಿಲ್ಲ. ವರ್ಷಕ್ಕೊಂದರಂತೆ 23 ಪುಟ. ಅಪ್ಪನಿಗೆ ತೋರಿಸಿದಾಗ ಕನ್ನಡಕ ಹಾಕ್ಕೊಂಡು ಒಂದಷ್ಟು ಓದಿ, "ಇದನ್ನ ಯಾರ್ ಓದ್ತಾರವಾ?" ಅಂದ. ಅಷ್ಟೇ. ಆ ವಿಷಯ ಅಲ್ಲಿಗೆ ಮುಗೀತು ಅಂದ್ಕೊಂಡೆ.

2022ರಲ್ಲಿ ನನಗೆ ಮತ್ತೆ ಸುಣ್ಣ ಹಚ್ಚೋ ಹುಮ್ಮಸ್ಸು ಬಂತು. ಆಫೀಸಿನ ಡಿಸೈನ್ ತಂಡದವರನ್ನು ನೋಡಿ ನೋಡಿ ನನ್ನ ಸೈಟ್ ಹಳೇ ಕಾಲದ್ದು ಅನ್ನಿಸತೊಡಗಿತ್ತು. ಕಪ್ಪು ಹಿನ್ನೆಲೆ, ಬೂದು ಬಣ್ಣದ ತೆಳ್ಳನೆ ಅಕ್ಷರ, ದೊಡ್ಡದೊಂದು ಫೋಟೋ, ಸ್ಕ್ರೋಲ್ ಮಾಡಿದಂಗೆ ತೇಲಿ ಬರೋ ಸಾಲುಗಳು. ಸ್ನೇಹಿತರೆಲ್ಲ "ಸೂಪರ್" ಅಂದ್ರು. ಅಪ್ಪನ ಲೆಕ್ಕದ ಉದ್ದುದ್ದ ಕೋಷ್ಟಕಗಳು ಮಾತ್ರ ಆ ವಿನ್ಯಾಸಕ್ಕೆ ಒಗ್ಗಲಿಲ್ಲ. ಫೋನ್ ಪರದೆಯಿಂದ ಆಚೆ ಹೋಗ್ತಿದ್ವು. ಸದ್ಯಕ್ಕೆ ಇರಲಿ, ಆಮೇಲೆ ಸರಿ ಮಾಡಿ ಹಾಕೋಣ ಅಂತ ತೆಗೆದಿಟ್ಟೆ. ಆ 'ಆಮೇಲೆ' ಬರಲೇ ಇಲ್ಲ. ಹಳೇ ಸರ್ವರ್‌ನ ಅವಧಿ ಮುಗೀತು, ಹಳೇ ಲ್ಯಾಪ್‌ಟಾಪ್ ಎಕ್ಸ್‌ಚೇಂಜ್‌ಗೆ ಹೋಯ್ತು.

2023ರ ದೀಪಾವಳಿಗೆ ಊರಿಗೆ ಹೋದಾಗ ಸುಣ್ಣ ಹಚ್ಚೋಕೆ ಅಂತ ಸಾಮಾನೆಲ್ಲ ಹೊರಗೆ ಬಂತು. ಟ್ರಂಕಿನಿಂದ ಅಟ್ಟಕ್ಕೆ ಹೋಗಿದ್ದ ವಹಿಗಳಿಗೆ ಗೆದ್ದಲು ಹತ್ತಿತ್ತು. ಐದರಲ್ಲಿ ಮೂರು ವಹಿ, ಅಂದ್ರೆ 1997ರಿಂದ 2009ರ ತನಕದ್ದು, ಮುಟ್ಟಿದ್ರೆ ಮಣ್ಣು. ಅಪ್ಪ ಅದನ್ನ ಕೈಯಲ್ಲಿ ಹಿಡ್ಕೊಂಡು ನಿಂತಿದ್ದ. ನಾನು ಸಮಾಧಾನ ಮಾಡೋ ದನಿಯಲ್ಲಿ, "ಇರ್ಲಿ ಬಿಡಪ್ಪಾ, ಎಲ್ಲಾ ವೆಬ್‌ಸೈಟ್‌ನಾಗ ಐತಿ" ಅಂದುಬಿಟ್ಟೆ.

ಅಪ್ಪ ಏನೂ ಮಾತಾಡಲಿಲ್ಲ. ಅಡುಗೆಮನೆಯಿಂದ ಅವ್ವ ಹೇಳಿದಳು: "ಎಲ್ಲಿ ಐತಿ? ಒಂದ್ ವರ್ಷದ ಮ್ಯಾಲಾತು, ಬರವಲ್ದು ಅಂತ ದಿನಾ ರಾತ್ರಿ ಒತ್ತಿ ಒತ್ತಿ ಇಡ್ತಾನ ನಿಮ್ಮಪ್ಪ."

ತಮ್ಮ ಯಾವಾಗಲೋ ಅಪ್ಪನ ಫೋನಿನ ಮೊದಲ ಪರದೆಯಲ್ಲೇ ಆ ಪುಟಕ್ಕೆ ಒಂದು ಗುಂಡಿ ಇಟ್ಟುಕೊಟ್ಟಿದ್ದನಂತೆ. ಊಟ ಆದ ಮೇಲೆ ಅದನ್ನ ತೆಗೆದು ಒಂದೊಂದು ವರ್ಷ ಓದ್ತಿದ್ದನಂತೆ ಅಪ್ಪ. ನಾನೇ ಆ ಗುಂಡಿ ಒತ್ತಿ ನೋಡಿದೆ. ಪುಟ ಸಿಗದಿದ್ದಾಗ ಬರಲಿ ಅಂತ ನಾನೇ ತಮಾಷೆಗೆ ಬರೆದು ಹಾಕಿದ್ದ ಚಿತ್ರ ಬಂತು. ದಾರಿ ತಪ್ಪಿದ ಒಂದು ಕುರಿ, ಕೆಳಗೆ ಇಂಗ್ಲಿಷ್‌ನಲ್ಲಿ ಒಂದು ಜೋಕು. ಒಂದು ವರ್ಷಕ್ಕೂ ಮೇಲೆ ಅಪ್ಪ ದಿನಾ ರಾತ್ರಿ ಆ ಕುರಿ ನೋಡಿ ಮಲಗಿದ್ದಾನೆ.

"ಮತ್ತ ನನಗ್ಯಾಕ ಹೇಳಲಿಲ್ಲಪ್ಪಾ?"

"ನಿಂದಲ್ಲಾ ಅದು? ಏನರ ಚಲೋದಕ್ಕ ತಗದಿರ್ತಿ ಅನ್ಕೊಂಡ್ನಿ."

ಆ ರಾತ್ರಿ ನಿದ್ದೆ ಬರಲಿಲ್ಲ. ಮಾಳಿಗೆ ಮೇಲೆ ಕೂತು ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್ ತೆರೆದೆ. ಗೊತ್ತಿಲ್ಲದವರಿಗೆ ಹೇಳ್ತೀನಿ: ಅದು ಜಗತ್ತಿನ ವೆಬ್ ಪುಟಗಳನ್ನು ಆಗಾಗ ನಕಲು ಮಾಡಿ ಇಟ್ಟುಕೊಳ್ಳೋ ಉಗ್ರಾಣ. 2001ರಿಂದ ಯಾರು ಬೇಕಾದ್ರೂ ಅದರಲ್ಲಿ ಹುಡುಕಬಹುದು. ಎಲ್ಲ ಪುಟಗಳೂ ಸಿಗ್ತಾವೆ ಅಂತ ಹೇಳೋಕಾಗಲ್ಲ. ಗೆದ್ದಲು ತಿಂದ 13 ವರ್ಷಗಳಲ್ಲಿ ನನಗೆ ಸಿಕ್ಕಿದ್ದು ಎಂಟು. ಒಂದೊಂದೇ ಪುಟ ತೆರೆದುಕೊಳ್ಳೋವಾಗ ಎದೆ ಹೊಡ್ಕೊಳ್ತಿತ್ತು. 2020ರಲ್ಲಿ ನಾನು ಬರೆದಿದ್ದು ಸಾದಾ ಎಚ್‌ಟಿಎಂಎಲ್, ಹಾಗಾಗಿ ಒಂದಕ್ಷರ ಕೆಡದೇ ಬಂದ್ವು. ಅದೇ ಕುತೂಹಲಕ್ಕೆ 2022ರ ಚೆಂದದ ವಿನ್ಯಾಸದ ನಕಲು ತೆರೆದೆ. ಬರೀ ಕಪ್ಪು ಪರದೆ. ಸ್ಕ್ರಿಪ್ಟ್ ಓಡದಿದ್ರೆ ಅದರಲ್ಲಿ ಓದೋಕೆ ಏನೂ ಉಳಿದಿರಲಿಲ್ಲ.

ಕನಕದಾಸರ 'ರಾಮಧಾನ್ಯಚರಿತೆ'ಯ ಕಥೆ ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ಅಕ್ಕಿ ಮತ್ತು ರಾಗಿ ನಾನು ಹೆಚ್ಚು, ತಾನು ಹೆಚ್ಚು ಅಂತ ಜಗಳ ಆಡ್ತವೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸ್ತಾನೆ. ತೆಗೆದು ನೋಡಿದ್ರೆ ಅಕ್ಕಿ ಸೊರಗಿರುತ್ತೆ, ರಾಗಿ ಗಟ್ಟಿಯಾಗೇ ಇರುತ್ತೆ. ಮಾಳಿಗೆ ಮೇಲೆ ಕೂತವಳಿಗೆ ಆ ಕಥೆ ನೆನಪಾಗಿ ನಗುನೂ ಬಂತು, ಅಳುನೂ ಬಂತು.

ಉಳಿದ ಐದು ವರ್ಷದ್ದು ಏನು ಮಾಡೋದು? ದಲ್ಲಾಳಿ ಅಂಗಡಿಯ ಹಳೇ ಚೀಟಿಗಳನ್ನು ಅವ್ವ ಅಕ್ಕಿ ಡಬ್ಬಿಯ ಹಿಂದೆ ಕಟ್ಟಿಟ್ಟಿದ್ದಳು. ಎರಡು ವರ್ಷದ ಲೆಕ್ಕ ಅದರಲ್ಲಿ ಸಿಕ್ತು. ಮಿಕ್ಕಿದ್ದಕ್ಕೆ ಭಾನುವಾರ ಭಾನುವಾರ ಅಪ್ಪನಿಗೆ ಫೋನ್ ಮಾಡತೊಡಗಿದೆ. ಅವನು ನೆನಪು ಮಾಡ್ಕೊಂಡು ಹೇಳ್ತಾನೆ, ನಾನು ಬರ್ಕೊಳ್ತೀನಿ. ಮುಂಚೆ ನಮ್ಮ ಫೋನ್ ಮಾತು "ಊಟ ಆತಾ? ಮಳಿ ಐತಾ?" ಅಷ್ಟಕ್ಕೆ ಮುಗೀತಿತ್ತು. ಈಗ ಅರ್ಧ ಗಂಟೆ ಕಮ್ಮಿ ಇಲ್ಲ. ಎತ್ತು ಮಾರಿದ್ದು ಯಾಕೆ ಅನ್ನೋದು ಗೊತ್ತಾಗಿದ್ದೂ ಹೀಗೇ. ನನ್ನ ಶಾಲೆಗೆ ಸಂಬಂಧಪಟ್ಟ ವಿಷಯ ಅದು, ಇಲ್ಲಿ ಬರೆಯಲ್ಲ. 2003ರ ಬಗ್ಗೆ ಕೇಳಿದಾಗ ಮಾತ್ರ, "ಆ ವರ್ಷ ಬರ. ಬರ್ಯಾಕ ಏನೂ ಇರಲಿಲ್ಲ" ಅಂದ. ಆ ಪುಟದಲ್ಲಿ ಅದೊಂದೇ ಸಾಲು ಹಾಕಿದೀನಿ.

2024ರಲ್ಲಿ ಮತ್ತೆ ಸೈಟ್ ಹೊಸದು ಮಾಡಿದೆ. ಈ ಸಲ ಪರೀಕ್ಷೆ ಮಾಡೋರು ಅಪ್ಪ. ಕಪ್ಪು ಹಿನ್ನೆಲೆ ಹೋಯ್ತು. ವಹಿಯ ಹಾಳೆಯಂಥ ಬಣ್ಣಕ್ಕೆ ಕಪ್ಪು ಅಕ್ಷರ ಬಂತು. "ಅಕ್ಷರ ಒಂದರ ಮ್ಯಾಲ ಒಂದು ಬಿದ್ದಾವು ನೋಡು" ಅಂದ ಅಪ್ಪ. ಸರಿಯಾಗೇ ಹೇಳಿದ್ದ. ಇಂಗ್ಲಿಷ್‌ಗೆ ಅಂತ ಮಾಡಿದ ಸಾಲಿನ ಅಂತರ ಕನ್ನಡಕ್ಕೆ ಸಾಲಲ್ಲ. ನಮ್ಮ ಒತ್ತಕ್ಷರ ಕೆಳಗಿಳಿದು ಮುಂದಿನ ಸಾಲಿನ ತಲೆಕಟ್ಟಿಗೆ ತಾಗುತ್ತೆ. ಅಂತರವನ್ನು 1.8ಕ್ಕೆ ಏರಿಸಿದೆ, ಅಕ್ಷರದ ಗಾತ್ರ 19 ಪಿಕ್ಸೆಲ್ ಮಾಡಿದೆ. ಚೆಂದದ ಫಾಂಟ್ ಇಳಿಯೋಕೆ ನಮ್ಮೂರ ನೆಟ್‌ವರ್ಕ್‌ನಲ್ಲಿ ಹೊತ್ತಾಗುತ್ತೆ, ಹಾಗಾಗಿ ಫೋನಿನಲ್ಲೇ ಇರೋ ಫಾಂಟ್ ಸಾಕು ಅಂತ ಬಿಟ್ಟೆ. ಕೋಷ್ಟಕ ಮುರಿದು, ತಿಂಗಳಿಗೊಂದು ಸಾಲಿನಂತೆ ಒಂದರ ಕೆಳಗೊಂದು ಇಟ್ಟೆ. ಮುಖ್ಯವಾಗಿ, ಹಳೇ ವಿಳಾಸ ಒಂದನ್ನೂ ಬದಲಿಸಲಿಲ್ಲ. ಬದಲಿಸಲೇಬೇಕಾದ ಕಡೆ ಹಳೇ ವಿಳಾಸ ಒತ್ತಿದವರು ಹೊಸದಕ್ಕೆ ಹೋಗೋ ಹಾಗೆ ದಾರಿ ಮಾಡಿದೆ. ಎಲ್ಲದರ ಒಂದು ಪ್ರತಿ ಗಿಟ್‌ನಲ್ಲಿ, ಒಂದು ಪೆನ್‌ಡ್ರೈವ್‌ನಲ್ಲಿ, ಮುದ್ರಿಸಿದ ಒಂದು ಪ್ರತಿ ಅವ್ವನ ಬೀರುವಿನಲ್ಲಿ.

ನಿಮಗೂ ಇಂಥದ್ದೊಂದು ಇಟ್ಟುಕೊಳ್ಳಬೇಕು ಅನ್ನಿಸಿದ್ರೆ ದುಡ್ಡು, ದೊಡ್ಡ ಓದು ಏನೂ ಬೇಡ. ಒಂದು ಎಚ್‌ಟಿಎಂಎಲ್ ಫೈಲ್ ಬರೆಯೋದು ಒಂದು ಭಾನುವಾರದಲ್ಲಿ ಕಲೀಬಹುದು. ಗಿಟ್‌ಹಬ್ ಪೇಜಸ್, ನಿಯೋಸಿಟೀಸ್ ಥರದ ಕಡೆ ಉಚಿತವಾಗಿ ಇಡಬಹುದು. ಆದ್ರೆ ನಕಲು ನಿಮ್ಮ ಹತ್ತಿರ ಇರಲಿ. 1994ರಲ್ಲಿ ಶುರುವಾದ ಜಿಯೋಸಿಟೀಸ್‌ನಲ್ಲಿ ಲಕ್ಷಾಂತರ ಜನ ಪುಟ ಕಟ್ಟಿಕೊಂಡಿದ್ರು. 2009ರಲ್ಲಿ ಯಾಹೂ ಅದನ್ನ ಮುಚ್ಚಿದಾಗ ನಕಲು ಇಲ್ಲದವರು ಎಷ್ಟೋ ಕಳ್ಕೊಂಡ್ರು. ಹೊಸ ವಿನ್ಯಾಸಕ್ಕೆ ಕೈ ಹಾಕೋ ಮುಂಚೆ ಮನೆಯವರನ್ನು ಒಂದು ಮಾತು ಕೇಳಿ, ನೀವು ಇದನ್ನ ನೋಡ್ತೀರಾ ಅಂತ. ಉತ್ತರ ಕೇಳಿ ನಿಮಗೆ ಆಶ್ಚರ್ಯ ಆಗಬಹುದು.

ಹೊಸ ಸೈಟ್ ಶುರುವಾದ ವಾರ ಅಪ್ಪ ತಾನೇ ಫೋನ್ ಮಾಡಿದ್ದ. ಎಲ್ಲಾ ಚಲೋ ಐತಿ, ಅಕ್ಷರ ಕಾಣ್ತಾವು, ಲಗೂನ ಬರ್ತೈತಿ ಅಂದ. ಫೋನ್ ಇಡೋ ಮುಂಚೆ ಸ್ವಲ್ಪ ತಡೆದು ಕೇಳಿದ:

"ಅಲ್ಲವಾ, ಆ ಕುರಿ ಎಲ್ಲಿ ಹೋತು?"

ಇನ್ನು ಅದು ಯಾರ ಕಣ್ಣಿಗೂ ಬೀಳಬಾರದು ಅಂತ ತೆಗೆದುಬಿಟ್ಟಿದ್ದೆ. ಹಾಗಂತ ಹೇಳಿದೆ.

"ಯಾಕ ತಗದಿ? ಪಾಪ, ದಿನಾ ಬರ್ತಿತ್ತು ಅದು."

ಈಗ ಕುರಿ ಮೊದಲ ಪುಟದ ಕೆಳಗೆ, ಅಪ್ಪನ ವಹಿಯ ಗುಂಡಿಯ ಪಕ್ಕದಲ್ಲೇ ನಿಂತಿದೆ.