ಗುರುಗ್ರಾಮದ ಠೇಕಾದಲ್ಲಿ ಸಿಹಿ ವೈನ್

ಬೆಂಗಳೂರಿನ ‘ವೈನ್ಸ್’ ಅಂಗಡಿಯಲ್ಲಿ ವೈನ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ಸಿಗುತ್ತದೆ ಎಂದು ನಾವು ತಮಾಷೆ ಮಾಡುತ್ತಿದ್ದೆವು. ಗುರುಗ್ರಾಮದಲ್ಲಿ ಅಂಥ ಅಂಗಡಿಗೆ ಠೇಕಾ ಎನ್ನುತ್ತಾರೆ. ಬೋರ್ಡಿನ ಮೇಲೆ ‘ಅಂಗ್ರೇಜಿ ಶರಾಬ್’ ಎಂದು ದೊಡ್ಡದಾಗಿ ಬರೆದಿರುತ್ತದೆ. ಸಣ್ಣ ಠೇಕಾಗಳಲ್ಲಿ ಜಾಲರಿಯ ಆಚೆಯಿಂದ ಕೈ ಚಾಚಿ ಬಾಟಲಿ ಕೊಡುತ್ತಾರೆ. ದೊಡ್ಡವು ಸೂಪರ್ ಮಾರ್ಕೆಟ್ಟಿನ ಹಾಗೆ. ಎ.ಸಿ. ಇರುತ್ತದೆ, ಒಳಗೆ ಓಡಾಡಿ ನಾವೇ ಆರಿಸಿಕೊಳ್ಳಬಹುದು, ವೈನಿಗೇ ಒಂದು ಗೋಡೆ ಮೀಸಲು. ಹೆಣ್ಣುಮಕ್ಕಳು ಒಬ್ಬರೇ ಹೋದರೂ ಯಾರೂ ತಿರುಗಿ ನೋಡುವುದಿಲ್ಲ ಎನ್ನುವುದು ನನ್ನ ಮಟ್ಟಿಗೆ ದೊಡ್ಡ ಅನುಕೂಲ.

ಈ ಅಂಗಡಿಗಳನ್ನು ನಾನು ಸುತ್ತತೊಡಗಿದ್ದು ಕುಡಿಯುವವರಿಗಾಗಿ ಅಲ್ಲ, ಹೆಚ್ಚುಕಡಿಮೆ ಕುಡಿಯದೇ ಇರುವವರಿಗಾಗಿ. ದ್ವಾರಕಾ, ನೋಯ್ಡಾ, ಗುರುಗ್ರಾಮದ ನಾಲ್ಕಾರು ಕನ್ನಡದ ಮನೆಯವರು ವರ್ಷಕ್ಕೆರಡು ಸಲ ಸೇರುತ್ತೇವೆ. ಗಂಡಸರ ವಿಸ್ಕಿಯ ಬ್ರ್ಯಾಂಡು ಮೊದಲೇ ಗೊತ್ತಿರುತ್ತದೆ. ಉಳಿದವರ ಕೈಗೆ ಕೇಳದೆಯೇ ಕೋಲಾ ಬರುತ್ತದೆ. ಅವರಲ್ಲಿ ಕೆಲವರಿಗೆ ನಿಜಕ್ಕೂ ಬೇಡ, ಅದು ಸರಿಯೇ. ಆದರೆ “ಜಾಸ್ತಿ ಕಹಿ ಇಲ್ಲದ್ದು, ಸ್ವಲ್ಪ ಸಿಹಿಯಾಗಿರೋದು ಇದ್ರೆ ಒಂಚೂರು ನೋಡ್ತೀನಿ ಕಣೇ” ಎಂದು ಅಡುಗೆಮನೆಯಲ್ಲಿ ಮೆಲ್ಲಗೆ ಹೇಳುವವರೂ ಇದ್ದಾರೆ. ಈ ಬರಹ ಅಂಥವರಿಗೆ.

ಅವರ ನಾಲಿಗೆಗೆ ಗೊತ್ತಿರುವ ವೈನ್ ಯಾವುದು? ಮಡಿಕೇರಿಯ ಅಂಗಡಿಯಲ್ಲಿ ಕೊಂಡ ‘ಹೋಂ ಮೇಡ್’, ಇಲ್ಲವೇ ಕ್ರಿಸ್‌ಮಸ್ಸಿಗೆ ಮಂಗಳೂರಿನ ನೆರೆಮನೆಯವರು ಕುಸ್ವಾರ್ ಜೊತೆ ಕೊಟ್ಟ ದ್ರಾಕ್ಷಿ ವೈನ್. ಎರಡೂ ಶರಬತ್ತಿನಷ್ಟು ಸಿಹಿ. ಅದೇ ನಿರೀಕ್ಷೆಯಲ್ಲಿರುವವರ ಕೈಗೆ ದುಬಾರಿ ಕೆಂಪು ವೈನ್ ಕೊಟ್ಟರೆ ಮೊದಲ ಗುಟುಕಿಗೇ ಮುಖ ಹಿಂಡುತ್ತಾರೆ. ಇದಕ್ಕೆ ಕನ್ನಡದಲ್ಲಿ ಸರಿಯಾದ ಮಾತಿದೆ: ಒಗರು. ಬಾಳೆಕಾಯಿ ಕಚ್ಚಿದರೆ ಆಗುತ್ತದಲ್ಲ, ಹಾಗೆ. ಕೆಂಪು ವೈನನ್ನು ದ್ರಾಕ್ಷಿಯ ಸಿಪ್ಪೆ, ಬೀಜದ ಜೊತೆಗೇ ಹುದುಗಿಸುವುದರಿಂದ ಈ ಒಗರು ಇಳಿಯುತ್ತದೆ. ಬಿಳಿ ವೈನಿಗೆ ಸಾಮಾನ್ಯವಾಗಿ ಹಿಂಡಿದ ರಸ ಮಾತ್ರ ಸಾಕು, ಆದ್ದರಿಂದ ಒಗರು ಕಡಿಮೆ. ಹೊಸಬರಿಗೆ ಬಿಳಿಯೇ ಸುಲಭ.

ಊರಿನ ಅಭಿಮಾನದಿಂದ ಆರಿಸುವುದಾದರೂ ಇದು ನೆನಪಿರಲಿ. ದೊಡ್ಡಬಳ್ಳಾಪುರದ ಹತ್ತಿರ, ನಂದಿಬೆಟ್ಟದ ಬುಡದಲ್ಲಿ ಬೆಳೆಯುವ ಗ್ರೋವರ್ ಜಂಪಾದವರ ‘ಲಾ ರಿಸರ್ವ್’ ಇಲ್ಲಿಯ ಶೆಲ್ಫಿನಲ್ಲಿ ಕಂಡರೆ ನನಗೂ ಖುಷಿಯಾಗುತ್ತದೆ. ಆದರೆ ಅದರ ಕೆಂಪು ವೈನ್ ಓಕ್ ಪೀಪಾಯಿಯಲ್ಲಿ ಪಳಗಿದ, ಸಿಹಿಯಿಲ್ಲದ ವೈನ್. ರೂಢಿಯಿದ್ದವರಿಗೆ ಚೆನ್ನ, ಮೊದಲ ಸಲದವರಿಗಲ್ಲ.

ಸಿಹಿ ಎಲ್ಲಿಂದ ಬರುತ್ತದೆ ಎಂದು ತಿಳಿದರೆ ಲೇಬಲ್ ಓದುವುದು ಸುಲಭ. ಯೀಸ್ಟ್ ದ್ರಾಕ್ಷಿಯ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮಾಡುತ್ತದೆ. ಪೂರ್ತಿ ತಿಂದರೆ ‘ಡ್ರೈ’. ಮಧ್ಯದಲ್ಲಿ ನಿಲ್ಲಿಸಿದರೆ ಸಕ್ಕರೆ ಉಳಿಯುತ್ತದೆ. ಹಣ್ಣನ್ನು ಬಳ್ಳಿಯಲ್ಲೇ ಹೆಚ್ಚು ದಿನ ಬಿಟ್ಟು ಕೊಯ್ದರೆ ಸಕ್ಕರೆ ಇನ್ನೂ ಹೆಚ್ಚು. ಅದು ‘ಲೇಟ್ ಹಾರ್ವೆಸ್ಟ್’. ಆದ್ದರಿಂದ ಹುಡುಕಬೇಕಾದ ಪದಗಳು ಲೇಟ್ ಹಾರ್ವೆಸ್ಟ್, ಡೆಸರ್ಟ್, ಸೆಮಿ ಸ್ವೀಟ್, ಮಸ್ಕಟ್ ಅಥವಾ ಮೊಸ್ಕಾಟೊ. ಗುಳ್ಳೆ ಬರುವ ವೈನಿನಲ್ಲಿ ‘ಬ್ರೂಟ್’ ಎಂದಿದ್ದರೆ ಸಿಹಿ ಇಲ್ಲ. ‘ಎಕ್ಸ್‌ಟ್ರಾ ಡ್ರೈ’ ಎಂದಿದ್ದರೆ ಬ್ರೂಟ್‌ಗಿಂತ ಒಂದು ಗುಲಗಂಜಿ ಹೆಚ್ಚು ಸಿಹಿ, ಹೆಸರು ಕೇಳಿ ಮೋಸಹೋಗಬೇಡಿ. ‘ಡೆಮಿ ಸೆಕ್’ ನಿಜವಾಗಿ ಸಿಹಿ: ಲೀಟರಿಗೆ 32ರಿಂದ 50 ಗ್ರಾಂ ಸಕ್ಕರೆ.

ಇಷ್ಟು ಹೊತ್ತಿಗೆ ಕೌಂಟರಿನವನು “ಮೇಡಂ, ಮೀಠಾ ಚಾಹಿಯೇ ತೋ ಪೋರ್ಟ್ ಲೇ ಜಾಯಿಯೇ” ಎಂದಿರುತ್ತಾನೆ. ಅಸಲಿ ಪೋರ್ಟ್ ಪೋರ್ಚುಗಲ್ಲಿನ ಡೌರೊ ಕಣಿವೆಯದು. ದ್ರಾಕ್ಷಿಯ ಸ್ಪಿರಿಟ್ ಬೆರೆಸಿ ಹುದುಗುವಿಕೆ ನಿಲ್ಲಿಸುವುದರಿಂದ ಅದರಲ್ಲಿ ಆಲ್ಕೋಹಾಲ್ ಸುಮಾರು 20% ಇರುತ್ತದೆ. ನಮ್ಮಲ್ಲಿ ಪೋರ್ಟ್ ಹೆಸರಿನಲ್ಲಿ ಮಾರುವ ಅಗ್ಗದ ಸಿಹಿ ವೈನ್ ಬೇರೆಯೇ ಬಗೆ. ಕಿಸೆಗೆ ಹಗುರ, ಕೊಡಗಿನ ರುಚಿ ನೆನಪಿಸುತ್ತದೆ, ಆದರೆ ಎರಡನೆಯ ಗ್ಲಾಸಿಗೆ ನಾಲಿಗೆ ಜಿಡ್ಡುಗಟ್ಟುತ್ತದೆ.

ಸಾವಿರದ ಆಸುಪಾಸಿನಲ್ಲಿ ಮುಗಿಯಬೇಕು ಎನ್ನುವ ಲೆಕ್ಕದಲ್ಲಿ ಹುಡುಕಿದ ನನಗೆ ಒಪ್ಪಿಗೆಯಾದದ್ದು ಮೂರು ದಾರಿ. ನಾಸಿಕದ ಸುಲಾ ಅವರ ಲೇಟ್ ಹಾರ್ವೆಸ್ಟ್ ಶೆನಿನ್ ಬ್ಲಾಂಕ್ 375 ಮಿ.ಲೀ. ಬಾಟಲಿಯಲ್ಲಿ ಬರುತ್ತದೆ, ಜೇನಿನಂಥ ಸಿಹಿ, ನಾಲ್ಕು ಜನಕ್ಕೆ ಧಾರಾಳ. ಅವರದೇ ‘ದಿಯಾ’ ಸಿಹಿಯಾದ, ಗುಳ್ಳೆ ಬರುವ ವೈನ್. ಆಲ್ಕೋಹಾಲ್ ಮಾಮೂಲಿ ವೈನಿಗಿಂತ ಕಡಿಮೆ. ಅಷ್ಟೊಂದು ಸಿಹಿ ಬೇಡ ಎನ್ನುವವರಿಗೆ ಅವರ ಸಾದಾ ಶೆನಿನ್ ಬ್ಲಾಂಕ್. ಸಿಹಿಯ ಎಳೆ ಮಾತ್ರ ಇರುತ್ತದೆ. ಊರಿನದೇ ಬೇಕೆಂದರೆ ಬಿಗ್ ಬನಿಯನ್ ಅವರ ‘ಬೆಲಿಸಿಮಾ’ ಕೇಳಿ ನೋಡಿ, ಮಸ್ಕಟ್ ದ್ರಾಕ್ಷಿಯ ಸಿಹಿ ವೈನ್. ಅದು ಇಲ್ಲಿ ಎಲ್ಲ ಕಡೆ ಸಿಗುವುದಿಲ್ಲ. ಊರಿಗೆ ಹೋದಾಗ ರುಚಿ ನೋಡಬಹುದು.

ದ್ವಾರಕಾ, ನೋಯ್ಡಾ, ಗುರುಗ್ರಾಮ ಎಂದರೆ ಮೂರು ಸರ್ಕಾರ, ಮೂರು ಅಬಕಾರಿ. ಕುಡಿಯುವ ವಯಸ್ಸು ದೆಹಲಿಯಲ್ಲಿ 25, ಉತ್ತರ ಪ್ರದೇಶದಲ್ಲಿ 21. ಹರಿಯಾಣ 2021ರ ತಿದ್ದುಪಡಿಯಲ್ಲಿ 25ರಿಂದ 21ಕ್ಕೆ ಇಳಿಸಿತು. ದೆಹಲಿಯಲ್ಲಿ 2022ರ ಸೆಪ್ಟೆಂಬರಿನಿಂದ ಚಿಲ್ಲರೆ ಅಂಗಡಿಗಳು ಮತ್ತೆ ಸರ್ಕಾರಿ ನಿಗಮಗಳ ಕೈಗೆ ಬಂದವು. ಅಲ್ಲಿ ಎಂಆರ್‌ಪಿ ಎಂದರೆ ಎಂಆರ್‌ಪಿ. ಗುರುಗ್ರಾಮದಲ್ಲಿ ಬೆಲೆ ಅಂಗಡಿಯಿಂದ ಅಂಗಡಿಗೆ ಬೇರೆ, ಎರಡು ಕಡೆ ವಿಚಾರಿಸಿ. 2023ರ ಜೂನ್‌ನಲ್ಲಿ ದೆಹಲಿ ಮೆಟ್ರೋ ಒಬ್ಬರಿಗೆ ಎರಡು ಸೀಲ್ ಬಾಟಲಿ ಒಯ್ಯಲು ಒಪ್ಪಿತು. ಆದರೆ ಮೆಟ್ರೋ ಒಪ್ಪಿದರೆ ಪಕ್ಕದ ರಾಜ್ಯದ ಅಬಕಾರಿ ಒಪ್ಪಿದಂತಲ್ಲ. ಯಾರ ಮನೆಯಲ್ಲಿ ಕೂಟವೋ ಆ ರಾಜ್ಯದಲ್ಲೇ ಕೊಂಡರೆ ತಂಟೆಯಿಲ್ಲ.

ಇಲ್ಲಿಯ ಬಿಸಿಲೂ ಲೆಕ್ಕಕ್ಕೆ ಬರುತ್ತದೆ. ಮೇ, ಜೂನ್‌ನಲ್ಲಿ 45 ಡಿಗ್ರಿ ಮುಟ್ಟುವ ಊರಿನ ತಗಡಿನ ಠೇಕಾದಲ್ಲಿ ತಿಂಗಳುಗಟ್ಟಲೆ ನಿಂತ ವೈನ್ ಬೆಂದುಹೋಗಿರುತ್ತದೆ. ಬೇಸಿಗೆಯಲ್ಲಿ ಎ.ಸಿ. ಇರುವ, ವೈನ್ ಬೇಗ ಮಾರಾಟವಾಗುವ ಅಂಗಡಿಯೇ ಸರಿ. ಬಿಳಿ ವೈನ್ ಕಂದು ಬಣ್ಣಕ್ಕೆ ತಿರುಗಿದ್ದರೆ, ಕಾರ್ಕ್ ಮೇಲೆದ್ದಿದ್ದರೆ ಬೇಡ ಅನ್ನಿ. ಮನೆಗೆ ತಂದು ಫ್ರಿಜ್ಜಿನಲ್ಲಿ ಎರಡು ಮೂರು ಗಂಟೆ ಇಡಿ. ಸಿಹಿ ವೈನ್ ತಣ್ಣಗಿದ್ದರೇ ರುಚಿ, ಇಲ್ಲದಿದ್ದರೆ ಪಾಕ ಕುಡಿದ ಹಾಗಿರುತ್ತದೆ. ಜೊತೆಗೆ ಮೈಸೂರು ಪಾಕ್ ಇಟ್ಟರೆ ವೈನೇ ಹುಳಿ ಎನಿಸುತ್ತದೆ. ಕೋಡುಬಳೆ, ಖಾರದ ಗೋಡಂಬಿ, ಕೋಳಿ ಸುಕ್ಕಾ ಇಡಿ. ಸಿಹಿ ಖಾರವನ್ನು ತಣಿಸುತ್ತದೆ. ಉಳಿದರೆ ಮುಚ್ಚಿ ಫ್ರಿಜ್ಜಿನಲ್ಲಿಡಿ. ಲೇಟ್ ಹಾರ್ವೆಸ್ಟ್ ಕೆಲವು ದಿನ ತಡೆಯುತ್ತದೆ, ಗುಳ್ಳೆಯದು ಮಾರನೇ ದಿನಕ್ಕೆ ಸಪ್ಪೆ.

ಎಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಸಿಹಿ ಎಂದರೆ ಸೌಮ್ಯ ಎಂದಲ್ಲ. ಒಗರು, ಕಹಿ ಇದ್ದರೆ ನಾಲಿಗೆಯೇ ಸಾಕು ಎನ್ನುತ್ತದೆ, ಸಿಹಿಗೆ ಆ ತಡೆಯಿಲ್ಲ. 12% ವೈನ್ 150 ಮಿ.ಲೀ. ಕುಡಿದರೆ 18 ಮಿ.ಲೀ. ಆಲ್ಕೋಹಾಲ್, 5%ನ 330 ಮಿ.ಲೀ. ಬಿಯರಿನಲ್ಲಿ ಇರುವುದು 16.5 ಮಿ.ಲೀ. ಬಿಯರ್ ಬೇಡ ಎಂದವರು ‘ಇದು ಜ್ಯೂಸ್ ಥರ ಇದೆ’ ಎನ್ನುತ್ತ ಮೂರು ಗ್ಲಾಸ್ ಮುಗಿಸಿದರೆ ಮೂರು ಬಿಯರಿಗಿಂತ ಹೆಚ್ಚೇ ಆಯಿತು, ಅದೂ ರೂಢಿಯಿಲ್ಲದ ದೇಹಕ್ಕೆ. ಆದ್ದರಿಂದ ಸುರಿಯುವಾಗ 100 ಮಿ.ಲೀ. ಸಾಕು, ಊಟದ ಜೊತೆಗೆ, ಪಕ್ಕದಲ್ಲಿ ನೀರಿನ ಲೋಟ ಇಟ್ಟು. ಸಕ್ಕರೆ ಕಾಯಿಲೆಯವರು, ಬಸುರಿಯರು, ಮಾತ್ರೆ ತೆಗೆದುಕೊಳ್ಳುತ್ತಿರುವವರು ಬೇಡ ಎಂದರೆ ಕಾರಣ ಕೇಳಬೇಡಿ. ಅವರಿಗೆ ಕೋಕಂ ಶರಬತ್ತನ್ನೂ ಅಂಥದೇ ಗ್ಲಾಸಿನಲ್ಲಿ ಕೊಡಿ.

ಕಾನೂನು ಒಪ್ಪುವುದು 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ ತನಕ ಮಾತ್ರ. ಅಪರೂಪಕ್ಕೆ ಕುಡಿಯುವವರಿಗೆ ಅದೆಷ್ಟು ಎಂದು ಅಂದಾಜು ಸಿಗುವುದಿಲ್ಲ. ಗುರುಗ್ರಾಮದಿಂದ ನೋಯ್ಡಾಕ್ಕೆ ರಾತ್ರಿ ಕಡಿಮೆಯೆಂದರೂ ಒಂದು ಗಂಟೆಯ ಹಾದಿ. “ನಂದೇನು, ಸಿಹಿ ವೈನ್ ಅಷ್ಟೇ, ನಾನೇ ಓಡಿಸ್ತೀನಿ” ಎನ್ನುವವರ ಕೈಯಿಂದ ಕಾರಿನ ಕೀ ತೆಗೆದುಕೊಂಡು ಕ್ಯಾಬ್ ಬುಕ್ ಮಾಡಿ. ಬಾಟಲಿಯ ಬಜೆಟ್ ಹಾಕುವಾಗಲೇ ಆ ದುಡ್ಡನ್ನೂ ಸೇರಿಸಿ ಎತ್ತಿಡಿ.