ಹೊಸ್ತಿಲಲ್ಲೊಂದು ಕೆಮ್ಮು

ಕದ ತೆರೆದಿದೆಯೆಂದು ಯಾರೂ ನೆಂಟರ ಅಡುಗೆಮನೆಗೆ ನೇರ ನುಗ್ಗುವುದಿಲ್ಲ. ಹೊಸ್ತಿಲಲ್ಲಿ ಒಮ್ಮೆ ಕೆಮ್ಮಿ, ‘ಯಾರಿದ್ದೀರಿ?’ ಎಂದು ಕೂಗಿಯೇ ಒಳಗೆ ಕಾಲಿಡುತ್ತಾರೆ. ಜಾಲತಾಣಗಳ ಪುಟಗಳನ್ನು ತಾನಾಗಿಯೇ ತರಿಸಿಕೊಳ್ಳುವ ಕ್ರಾಲರ್ ಎಂಬ ಪ್ರೋಗ್ರಾಮಿಗೆ ಈ ದಾಕ್ಷಿಣ್ಯ ಹುಟ್ಟಿನಿಂದ ಬಂದದ್ದಲ್ಲ. ಹುಡುಗನೊಬ್ಬ ಉತ್ಸಾಹದಿಂದ ಅದನ್ನು ಬರೆದು, ಓಡಬಿಟ್ಟು ಮಲಗುತ್ತಾನೆ. ಅದು ಒಂದೇ ಸಮನೆ ಪುಟ ಕೇಳುತ್ತ ಹೋದರೆ, ಎಲ್ಲೋ ಒಂದು ಸಣ್ಣ ಲೈಬ್ರರಿಯ ಸರ್ವರ್ ಏದುಸಿರು ಬಿಟ್ಟು ಕುಸಿಯುತ್ತದೆ. ಪುಸ್ತಕ ಹುಡುಕಲು ಬಂದ ಓದುಗ ಬರಿಗೈಲಿ ಮರಳುತ್ತಾನೆ.

1994ರಲ್ಲಿ ಮಾರ್ಟಿನ್ ಕಾಸ್ಟರ್ ಇದಕ್ಕೊಂದು ಸರಳ ಉಪಾಯ ಸೂಚಿಸಿದರು. ತಾಣದ ಬಾಗಿಲಲ್ಲೇ ‘ರೋಬೋಟ್ಸ್ ಡಾಟ್ ಟಿಎಕ್ಸ್‌ಟಿ’ ಎಂಬ ಪುಟ್ಟ ಕಡತ. ಎಲ್ಲಿಗೆ ಬರಬಾರದೆಂದು ಅದರಲ್ಲಿ ಬರೆದಿರುತ್ತದೆ. ಸಭ್ಯ ಕ್ರಾಲರ್ ಮೊದಲು ಅದನ್ನು ಓದುತ್ತದೆ, ತನ್ನ ಹೆಸರು ಹೇಳುತ್ತದೆ, ಒಂದು ಪುಟ ಕೇಳಿದ ಮೇಲೆ ತುಸು ಕಾಯುತ್ತದೆ. 2022ರಲ್ಲಿ ಈ ಪದ್ಧತಿ ‘ಆರ್‌ಎಫ್‌ಸಿ 9309’ ಎಂಬ ಬರಹರೂಪದ ನಿಯಮವಾಯಿತು. ಕಡತವೇ ಇಲ್ಲವೆಂದರೆ ಒಳಗೆ ಹೋಗಬಹುದು. ಸರ್ವರೇ ಕೆಟ್ಟು ಕಡತ ಕೊಡಲಾಗದಿದ್ದರೆ ಹಿಂತಿರುಗಬೇಕು. ಕಾಯಿಲೆ ಬಿದ್ದವರ ಮನೆಯಲ್ಲಿ ಊಟಕ್ಕೆ ಕೂರುವುದುಂಟೆ?

ಆದರೆ ಇದು ಬೀಗವಲ್ಲ, ಬರೀ ಬೋರ್ಡು. ದಾಟಿ ಹೋಗುವವರನ್ನು ತಡೆಯಲಾರದು. ಯಂತ್ರಕ್ಕೆ ಕೆಮ್ಮುವುದನ್ನು ಕಲಿಸಬೇಕಾದವನು ಆ ಹುಡುಗನೇ, ಮಲಗುವ ಮುಂಚೆ.